ಹಾಯಿದೋಣಿಯಲ್ಲಿ ಅಂಟಾರ್ಕ್ಟಿಕಾಕ್ಕೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾವು ಎಂಟು ಮಂದಿ ಗೆಳೆಯರು ದಕ್ಷಿಣ ಅಮೆರಿಕದ ತುದಿಯಿಂದ ಅಂಟಾರ್ಕ್ಟಿಕ್ ಪರ್ಯಾಯದ್ವೀಪಕ್ಕೆ ಹಾಯಿದೋಣಿಯಲ್ಲಿ ಹೋಗಬೇಕೆಂದಿದ್ದೇವೆ. ಇಬ್ಬರಿಗೆ ಮಾತ್ರ ಹಾಯಿ ನಡೆಸಿ ಗೊತ್ತು. ಉಳಿದವರು ಬರೀ ಪ್ರಯಾಣಿಕರಾಗಿ ಬಂದರೆ ತೊಂದರೆಯಾದೀತೇ?

ಉತ್ತರ: ಹಾಯಿ ಕಟ್ಟಲು ಬಾರದಿರುವುದು ತೊಂದರೆಯಲ್ಲ; ಬೇಕಾದಷ್ಟನ್ನು ಮೊದಲ ಕೆಲವು ದಿನಗಳಲ್ಲೇ ಕಲಿತುಕೊಳ್ಳುತ್ತೀರಿ. ಆದರೆ ‘ಬರೀ ಪ್ರಯಾಣಿಕರಾಗಿ’ ಎಂಬ ಎಣಿಕೆಯನ್ನು ದಯವಿಟ್ಟು ಈಗಲೇ ಕೈಬಿಡಿ. ಈ ದಾರಿಯಲ್ಲಿ ಹೋಗಿಬರುವ ಹಾಯಿದೋಣಿಗಳು ಬಹುಪಾಲು 15ರಿಂದ 25 ಮೀಟರ್ ಉದ್ದದ, ಉಕ್ಕಿನ ಇಲ್ಲವೇ ಅಲ್ಯುಮಿನಿಯಂ ಒಡಲಿನವು. ಅವುಗಳಲ್ಲಿ ಕ್ಯಾಪ್ಟನ್ ಮತ್ತು ಒಬ್ಬಿಬ್ಬರು ಸಹಾಯಕರನ್ನು ಬಿಟ್ಟರೆ ಬೇರೆ ಸಿಬ್ಬಂದಿ ಇರುವುದಿಲ್ಲ. ಹಗಲುರಾತ್ರಿ ಪಾಳಿಯ ಮೇಲೆ ಎಚ್ಚರವಿರುವುದು, ಅಡುಗೆ ಮಾಡುವುದು, ಪಾತ್ರೆ ತೊಳೆಯುವುದು, ಲಂಗರು ಹಾಕುವಾಗ ಹಗ್ಗ ಹಿಡಿಯುವುದು ಎಲ್ಲವೂ ತಂಡದ ಹೆಗಲಿಗೇ ಬರುತ್ತದೆ.

ಇವುಗಳಲ್ಲಿ ಮುಖ್ಯವಾದದ್ದು ಮಂಜುಗಡ್ಡೆ ಕಾಯುವ ಪಾಳಿ. ತೇಲುವ ದೊಡ್ಡ ಹಿಮಬಂಡೆ (ಐಸ್‌ಬರ್ಗ್) ದೂರದಿಂದಲೇ ಕಾಣುತ್ತದೆ, ರಾಡಾರಿನಲ್ಲೂ ಮೂಡುತ್ತದೆ. ಭಯಪಡಬೇಕಾದದ್ದು ಅದರಿಂದ ಒಡೆದು ಬಿದ್ದ, ನೀರಿನ ಮೇಲೆ ಒಂದು ಮೀಟರೂ ಏಳದ, ಆದರೂ ಟನ್‌ಗಟ್ಟಲೆ ತೂಗುವ ತುಂಡುಗಳಿಗೆ. ನಾವಿಕರು ಇವನ್ನು ಗ್ರೌಲರ್ ಎನ್ನುತ್ತಾರೆ. ಕಡಲು ಕದಡಿದಾಗ ಇವು ಅಲೆಗಳ ನಡುವೆ ರಾಡಾರಿನ ಕಣ್ಣಿಗೂ ತಪ್ಪಿಹೋಗುತ್ತವೆ. ಒಂದು ನಸುಕಿನಲ್ಲಿ ನಾನು ಚುಕ್ಕಾಣಿ ಹಿಡಿದಿದ್ದಾಗ, ಅಲೆ ಇಳಿದ ಕ್ಷಣದಲ್ಲಿ ಮಾತ್ರ ಗಾಜಿನಂತೆ ಕಪ್ಪಗೆ ಮಿನುಗಿ ಮರುಕ್ಷಣವೇ ಮುಳುಗುತ್ತಿದ್ದ ಅಂಥದೊಂದು ಗಡ್ಡೆಯನ್ನು ಮೊದಲು ಕಂಡವರು, ಅದಕ್ಕೆ ಹತ್ತು ದಿನ ಮುಂಚೆ ದೋಣಿ ಹತ್ತಿಯೇ ಗೊತ್ತಿಲ್ಲದಿದ್ದ ಒಬ್ಬ ಶಿಕ್ಷಕಿ. ಅವರು ಕೂಗಲಿಲ್ಲ, ಹಿಂತಿರುಗಿ ನನ್ನನ್ನು ನೋಡಲೂ ಇಲ್ಲ. ಹೇಳಿಕೊಟ್ಟಿದ್ದಂತೆಯೇ ಗಡ್ಡೆಯತ್ತ ಕೈ ಚಾಚಿ, ಅದು ದೋಣಿಯ ಪಕ್ಕ ಹಾದು ಹಿಂದಾಗುವವರೆಗೂ ಬೆರಳನ್ನು ಅದರ ಮೇಲೆಯೇ ನೆಟ್ಟು ನಿಂತಿದ್ದರು. ನಾನು ಆ ಬೆರಳನ್ನು ನೋಡಿಕೊಂಡು ದೋಣಿ ತಿರುಗಿಸಿದೆ. ನಿಮ್ಮ ಆರು ಮಂದಿಯಿಂದ ಬೇಕಾದದ್ದು ಇಂಥ ಗಮನ.

ಪ್ರಶ್ನೆ: ಡ್ರೇಕ್ ಜಲಸಂಧಿಯನ್ನು ದಾಟಲು ಎಷ್ಟು ದಿನ ಬೇಕು? ನಮಗೆ ರಜೆ ಸಿಗುವುದು ಮೂರೇ ವಾರ.

ಉತ್ತರ: ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್‌ನಿಂದ ಅಂಟಾರ್ಕ್ಟಿಕಾದ ಅಂಚಿನ ದಕ್ಷಿಣ ಶೆಟ್ಲೆಂಡ್ ದ್ವೀಪಗಳಿಗೆ ಸುಮಾರು 800 ಕಿಲೋಮೀಟರ್. ಹಾಯಿದೋಣಿಗೆ ಸಾಮಾನ್ಯವಾಗಿ ಮೂರರಿಂದ ಐದು ದಿನ ಹಿಡಿಯುತ್ತದೆ. ಆದರೆ ಇಲ್ಲಿ ದಾಟುವ ದಿನಗಳಷ್ಟೇ ಕಾಯುವ ದಿನಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆ ಅಕ್ಷಾಂಶಗಳಲ್ಲಿ ಪಶ್ಚಿಮದ ಗಾಳಿಗೂ ಅಲೆಗೂ ಭೂಮಿಯ ಸುತ್ತ ಅಡ್ಡ ನಿಲ್ಲುವ ನೆಲವೇ ಇಲ್ಲ. ವಾಯುಭಾರ ಕುಸಿತಗಳು ಒಂದರ ಬೆನ್ನಿಗೊಂದು ಬರುತ್ತಲೇ ಇರುತ್ತವೆ. ಎರಡು ಕುಸಿತಗಳ ನಡುವಿನ ಬಿಡುವನ್ನು ನೋಡಿಕೊಂಡು ಹೊರಡುವುದೇ ಕ್ಯಾಪ್ಟನ್‌ನ ವಿದ್ಯೆ. ಅರ್ಜೆಂಟೀನಾದ ಉಶುವಾಯಾದಲ್ಲೋ, ಬೀಗಲ್ ಕಾಲುವೆಯ ಚಿಲಿ ದಡದ ಪುಯೆರ್ಟೊ ವಿಲಿಯಮ್ಸ್‌ನಲ್ಲೋ ಎರಡು ಮೂರು ದಿನ ಸುಮ್ಮನೆ ಕೂರಬೇಕಾದೀತು. ಮರಳುವಾಗಲೂ ಅಷ್ಟೆ: ಮೆಲ್ಕಿಯರ್ ದ್ವೀಪಗಳ ಮರೆಯಲ್ಲಿ ದೋಣಿ ಕಟ್ಟಿಕೊಂಡು, ಹವಾಮಾನದ ನಕ್ಷೆ ನೋಡುತ್ತಾ ಕಾಯುವುದು ವಾಡಿಕೆ.

ಆದ್ದರಿಂದ ಮೂರು ವಾರ ತೀರಾ ಬಿಗಿಯಾಯಿತು. ನಾಲ್ಕು ವಾರ ಹೊಂದಿಸಿಕೊಳ್ಳಲು ಸಾಧ್ಯವೇ ನೋಡಿ. ಆಗದಿದ್ದರೆ ಪ್ರವಾಸವನ್ನು ಮುಂದಿನ ವರ್ಷಕ್ಕೆ ಹಾಕಿ. ಮರುಪ್ರಯಾಣದ ವಿಮಾನದ ಟಿಕೆಟ್ಟಿನ ದಿನಾಂಕ ತಲೆಯಲ್ಲಿ ಕುಟುಕುತ್ತಿರುವ ಎಂಟು ಜನ, ಕಾಯಬೇಕೆನ್ನುವ ಕ್ಯಾಪ್ಟನ್‌ನ ಮುಂದೆ ಕುಳಿತರೆ, ಒಬ್ಬರೂ ಬಾಯಿಬಿಟ್ಟು ಕೇಳದಿದ್ದರೂ ಆ ಒತ್ತಡ ಅವರ ತೀರ್ಮಾನದ ಮೇಲೆ ಬಿದ್ದೇ ಬೀಳುತ್ತದೆ.

ಪ್ರಶ್ನೆ: ಯಾವ ದೇಶಕ್ಕೂ ಸೇರದ ಜಾಗವಾದ್ದರಿಂದ ಅನುಮತಿಯ ಅಗತ್ಯವಿಲ್ಲ ಎಂದು ಒಬ್ಬರು ಹೇಳಿದರು. ನಿಜವೇ?

ಉತ್ತರ: ಅಲ್ಲ. 1959ರಲ್ಲಿ ಸಹಿಯಾಗಿ 1961ರಿಂದ ಜಾರಿಯಲ್ಲಿರುವ ಅಂಟಾರ್ಕ್ಟಿಕ್ ಒಪ್ಪಂದವೂ, 1991ರಲ್ಲಿ ಮ್ಯಾಡ್ರಿಡ್‌ನಲ್ಲಿ ಸಹಿಯಾದ ಪರಿಸರ ಸಂರಕ್ಷಣೆಯ ಒಡಂಬಡಿಕೆಯೂ ಅಲ್ಲಿಗೆ ಅನ್ವಯಿಸುತ್ತವೆ. ಪ್ರವಾಸವನ್ನು ನಡೆಸುವವರು ಒಪ್ಪಂದಕ್ಕೆ ಸೇರಿದ ತಮ್ಮ ದೇಶದ ಪ್ರಾಧಿಕಾರದಿಂದ, ಪರಿಸರದ ಮೇಲಿನ ಪರಿಣಾಮದ ವರದಿ ಸಲ್ಲಿಸಿ, ಮುಂಚಿತವಾಗಿ ಅನುಮತಿ ಪಡೆದಿರಬೇಕು. ಮುಂಗಡ ಹಣ ಕೊಡುವ ಮೊದಲು ಆ ಪತ್ರವನ್ನು ಕೇಳಿ ಕಣ್ಣಾರೆ ನೋಡಿ. ತೋರಿಸಲು ಮೀನಮೇಷ ಎಣಿಸುವವರ ದೋಣಿ ಹತ್ತಬೇಡಿ.

ಕಾಗದಪತ್ರಕ್ಕಿಂತ ನನಗೆ ಹೆಚ್ಚು ಮುಖ್ಯವೆನಿಸುವುದು ಅದರ ಹಿಂದಿರುವ ಕಾಳಜಿ. ದಡಕ್ಕೆ ಇಳಿಯುವ ಮುನ್ನ ಪ್ರತಿಯೊಬ್ಬರೂ ಬೂಟು, ಜೇಬು, ಬೆನ್ನಚೀಲಗಳನ್ನು ಶುಚಿಮಾಡಬೇಕು. ಜಾಕೆಟ್ಟಿನ ವೆಲ್ಕ್ರೋ ಪಟ್ಟಿಯಲ್ಲಿ ಸಿಕ್ಕಿಕೊಂಡ ಹುಲ್ಲಿನ ಬೀಜಗಳನ್ನು ಚಿಮುಟದಿಂದ ಒಂದೊಂದಾಗಿ ಕೀಳುತ್ತಾ ಅರ್ಧ ದಿನ ಕಳೆದದ್ದುಂಟು. ಅದು ಅತಿಯಾಯಿತೆಂದು ಯಾರಿಗೂ ಅನಿಸಬಾರದು. ದಕ್ಷಿಣ ಶೆಟ್ಲೆಂಡ್‌ನ ಕಿಂಗ್ ಜಾರ್ಜ್ ದ್ವೀಪದಲ್ಲಿ ಪೋಲೆಂಡಿನ ಸಂಶೋಧನಾ ನೆಲೆಯ ಸುತ್ತ ಹೊರಗಿನಿಂದ ಬಂದ ಸಾಮಾನ್ಯ ಹುಲ್ಲೊಂದು ಬೇರೂರಿ, ಅದನ್ನು ಕಿತ್ತುಹಾಕಲು ವಿಜ್ಞಾನಿಗಳು ಹೆಣಗಬೇಕಾಗಿ ಬಂದಿದೆ. 2024ರ ಫೆಬ್ರವರಿಯಲ್ಲಿ ಹಕ್ಕಿಜ್ವರದ ಎಚ್5ಎನ್1 ವೈರಾಣು ಅಂಟಾರ್ಕ್ಟಿಕಾದ ಮುಖ್ಯ ಭೂಭಾಗದಲ್ಲೂ ಪತ್ತೆಯಾಗಿರುವುದರಿಂದ, ಪೆಂಗ್ವಿನ್‌ಗಳಿರುವ ದಡದಲ್ಲಿ ಕೂರುವುದು, ಮಂಡಿಯೂರುವುದು, ಚೀಲವನ್ನು ನೆಲದ ಮೇಲಿಡುವುದು ಸಲ್ಲದು. ಪೆಂಗ್ವಿನ್‌ನಿಂದ ಕನಿಷ್ಠ 5 ಮೀಟರ್ ದೂರವಿರಬೇಕು. ಅದು ತಾನಾಗಿ ಹತ್ತಿರ ಬಂದರೆ ನೀವೇ ಹಿಂದೆ ಸರಿಯಬೇಕು. ಮೋಜಿಗಾಗಿ ಡ್ರೋನ್ ಹಾರಿಸುವ ಯೋಚನೆಯಿದ್ದರೆ ಅದನ್ನು ಮನೆಯಲ್ಲೇ ಬಿಟ್ಟುಬನ್ನಿ.

ಪ್ರಶ್ನೆ: ನಮ್ಮಲ್ಲಿ ಒಬ್ಬರಿಗೆ ಹೃದಯದ ತೊಂದರೆಯಿದೆ. ಕ್ಯಾಪ್ಟನ್‌ಗೆ ಹೇಳಿದರೆ ಬೇಡವೆಂದಾರು ಎಂಬ ಅಳುಕು ಅವರಿಗೆ.

ಉತ್ತರ: ಹೇಳಲೇಬೇಕು, ಬೇಡವೆಂದರೆ ಒಪ್ಪಿಕೊಳ್ಳಲೂಬೇಕು. ಅಲ್ಲಿ ಪ್ರಯಾಣಿಕರು ನೆಚ್ಚಿಕೊಳ್ಳಬಹುದಾದ ಆಸ್ಪತ್ರೆಯಿಲ್ಲ. ಕಿಂಗ್ ಜಾರ್ಜ್ ದ್ವೀಪದಲ್ಲಿ ಚಿಲಿಯ ವಿಮಾನ ಪಟ್ಟಿಯಿದೆ, ನಿಜ. ಆದರೆ ಮಂಜು ಕವಿದರೆ ವಿಮಾನ ಇಳಿಯಲು ದಿನಗಳೇ ಬೇಕಾಗಬಹುದು, ಮತ್ತು ಆ ವಿಮಾನ ಪಟ್ಟಿಯವರೆಗೆ ರೋಗಿಯನ್ನು ಸಾಗಿಸಬೇಕಾದದ್ದು ನಿಮ್ಮ ದೋಣಿಯೇ. ಉಳಿದ ಏಳು ಮಂದಿಯ ಜೀವವೂ ಆ ಮುಚ್ಚುಮರೆಗೆ ಒಡ್ಡಿಕೊಂಡಂತಾಗುತ್ತದೆ.

ಪ್ರಶ್ನೆ: ಅಂಟಾರ್ಕ್ಟಿಕ್ ವೃತ್ತವನ್ನು ದಾಟದೆ ಮರಳಬಾರದೆಂದು ತಂಡದ ಕೆಲವರ ಹಟ. ಇದನ್ನು ಮತಕ್ಕೆ ಹಾಕಿ ತೀರ್ಮಾನಿಸಬಹುದೇ?

ಉತ್ತರ: ಮತಕ್ಕೆ ಹಾಕಬೇಕಾದ ವಿಷಯಗಳು ದೋಣಿಯಲ್ಲಿ ಬೇಕಾದಷ್ಟಿರುತ್ತವೆ: ಯಾವ ಕೊಲ್ಲಿಯಲ್ಲಿ ಇನ್ನೊಂದು ದಿನ ತಂಗುವುದು, ಯಾರು ಯಾವ ಪಾಳಿ ಹಿಡಿಯುವುದು, ಹೀಗೆ. ಮಂಜುಗಡ್ಡೆಗಳೊಳಕ್ಕೆ ಹೋಗುವುದೋ ಬೇಡವೋ ಎಂಬುದು ಮಾತ್ರ ಕ್ಯಾಪ್ಟನ್ ಒಬ್ಬರ ಮಾತು. ಆ ವೃತ್ತ ಸುಮಾರು 66 ಡಿಗ್ರಿ 33 ಮಿನಿಟು ದಕ್ಷಿಣ ಅಕ್ಷಾಂಶದಲ್ಲಿ ನಕ್ಷೆಯ ಮೇಲೆ ಎಳೆದ ಗೆರೆ. ಅಲ್ಲಿಗೆ ದಾರಿ ತೆರೆದಿರುತ್ತದೆಯೋ ಇಲ್ಲವೋ ಎಂಬುದನ್ನು ಆ ವರ್ಷದ ಮಂಜುಗಡ್ಡೆ ನಿರ್ಧರಿಸುತ್ತದೆ. 1898ರಲ್ಲಿ ಬೆಲ್ಜಿಕಾ ಎಂಬ ಹಡಗು ಬೇಸಿಗೆ ಮುಗಿಯುತ್ತಿದ್ದರೂ ದಕ್ಷಿಣಕ್ಕೆ ಸಾಗಿ, ಮಂಜುಗಡ್ಡೆಯಲ್ಲಿ ಸಿಕ್ಕಿ, ಒಂದು ವರ್ಷಕ್ಕೂ ಹೆಚ್ಚು ಕಾಲ ಬಿಡಿಸಿಕೊಳ್ಳಲಾಗದೆ ಕೊಳೆಯಿತು. ಸ್ಕರ್ವಿ ರೋಗದಿಂದ ಸಿಬ್ಬಂದಿ ನರಳಿದರು.

ನಾವೂ ಒಮ್ಮೆ ಸುಮಾರು 11 ಕಿಲೋಮೀಟರ್ ಉದ್ದದ ಲೆಮೇರ್ ಕಾಲುವೆಯ ಬಾಯಲ್ಲಿ ನಿಂತು, ಎರಡೂ ಬದಿಯ ಬೆಟ್ಟಗಳ ನಡುವೆ ಗಾಳಿಗೆ ಒತ್ತರಿಸಿ ಬಂದ ಮಂಜಿನ ತುಂಡುಗಳು ಇಡೀ ನೀರನ್ನು ಮುಚ್ಚಿದ್ದನ್ನು ನೋಡಿ ಹಿಂದಿರುಗಿದೆವು. ಕೆಲವರ ಕಣ್ಣಲ್ಲಿ ನೀರಿತ್ತು, ನನ್ನದೂ ಸೇರಿ. ಆ ಸಂಜೆ ಒಂದು ಪುಟ್ಟ ಕೊಲ್ಲಿಗೆ ಹೊಕ್ಕು, ರಬ್ಬರ್ ದೋಣಿಯಲ್ಲಿ ಹಗ್ಗಗಳನ್ನು ಒಯ್ದು, ನಾಲ್ಕು ದಿಕ್ಕಿನ ಬಂಡೆಗಳಿಗೆ ಸುತ್ತಿ ದೋಣಿಯನ್ನು ಬಿಗಿದೆವು. ರಾತ್ರಿಯಿಡೀ ಹಗ್ಗಗಳು ಬಿಗಿದು ಸಡಿಲಿ ಕಿರ್ರೆನ್ನುತ್ತಿದ್ದವು. ನಾವು ಹೋಗಬೇಕೆಂದಿದ್ದ ದಾರಿಯನ್ನು ಬೆಳಿಗ್ಗೆ ನೋಡಿದರೆ ಹಿಂದಿನ ದಿನಕ್ಕಿಂತ ದಟ್ಟವಾಗಿ ಮಂಜುಗಡ್ಡೆ ಕಟ್ಟಿತ್ತು. ಹೊರಡುವ ಮುಂಚೆಯೇ ಎಂಟೂ ಮಂದಿ ಕುಳಿತು, ವೃತ್ತ ದಾಟದೆ ಬಂದರೂ ಸರಿ ಎಂದು ಒಪ್ಪಿಕೊಳ್ಳಿ. ಹಾಗೆ ಒಪ್ಪದವರು ನಿಮ್ಮಲ್ಲಿದ್ದರೆ ಏಳು ಮಂದಿಯೇ ಹೋಗಿ.