ಹತ್ತು ತಿಂಗಳ ಮಗು, ಹೈಸ್ಕೂಲು ಹುಡುಗಿ, ವಯಸ್ಸಾದ ಅತ್ತೆ: ಒಬ್ಬೊಬ್ಬರಿಗೆ ಒಂದೊಂದು ಅಡುಗೆ ಮಾಡಬೇಕಾ?

ಬೇಡ. ನಮ್ಮದು ಕಾಸರಗೋಡಿನ ಬದಿಯಡ್ಕ ಹತ್ತಿರದ ಮನೆ. ನಿಮ್ಮಂತೆಯೇ ಎಲ್ಲ ವಯಸ್ಸಿನವರೂ ಇದ್ದೇವೆ, ಒಟ್ಟು ಏಳು ಜನ. ಬೇರೆ ಬೇರೆ ಮಾಡಲು ಹೊರಟರೆ ನಾನು ಒಲೆ ಬುಡದಿಂದ ಏಳುವುದೇ ಇಲ್ಲ. ಅಡುಗೆ ಒಂದೇ ಸಾಕು. ಆದರೆ ಎಲ್ಲರ ಬಟ್ಟಲಿಗೂ ಒಂದೇ ಥರ ಬಡಿಸಬಾರದು. ಇದು ನನಗೆ ಗೊತ್ತಾದದ್ದು ಅತ್ತೆಯಿಂದ, ಅದೂ ತಡವಾಗಿ.

ಅತ್ತೆಗೆ ಎಪ್ಪತ್ತಾರು. ಹಲ್ಲು ಹೋದ ಮೇಲೆ ಎರಡು ಹೊತ್ತೂ ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ. "ನನಗಿಷ್ಟು ಸಾಕು" ಎನ್ನುತ್ತಿದ್ದರು. ವಯಸ್ಸಾದವರು ಕಡಿಮೆ ತಿನ್ನುವುದು ಇದ್ದದ್ದೇ ಅಲ್ವಾ ಅಂತ ನಾವೂ ಸುಮ್ನಿದ್ದೆವು. ಆರೇಳು ತಿಂಗಳಲ್ಲಿ ರವಿಕೆ ಸಡಿಲವಾಯಿತು. ಕುರ್ಚಿಯಿಂದ ಏಳುವಾಗ ಕೈ ಊರತೊಡಗಿದರು. ಡಾಕ್ಟರು ಮೊದಲು ಕೇಳಿದ್ದೇ, "ಗಂಜಿಯ ಜೊತೆ ತಿನ್ನಲು ಪದಾರ್ಥ ಏನು?" ನನ್ನ ಹತ್ತಿರ ಉತ್ತರ ಇರಲಿಲ್ಲ.

ವಯಸ್ಸಾದಂತೆ ಹಸಿವು ಇಳಿಯುತ್ತದೆ, ಮಾಂಸಖಂಡವೂ ಕರಗುತ್ತಾ ಹೋಗುತ್ತದೆ. ಆದರೆ ಪ್ರೋಟೀನ್ ಬೇಕಾಗುವುದು ಕಡಿಮೆಯಾಗುವುದಿಲ್ಲ. ದೇಹದ ಒಂದು ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 1 ಗ್ರಾಂ ಬೇಕು. ಅತ್ತೆ 48 ಕಿಲೋ. 50 ಗ್ರಾಂ ಅಕ್ಕಿಯ ಗಂಜಿಯಲ್ಲಿ ಸಿಗುವುದು ಹೆಚ್ಚೆಂದರೆ 4 ಗ್ರಾಂ. ಲೆಕ್ಕ ನೀವೇ ಹಾಕಿ. ಈಗ ಅದೇ ಗಂಜಿಗೆ ಹೆಸರುಕಾಳು ಹಾಕಿ ಕರಗುವಷ್ಟು ಬೇಯಿಸುತ್ತೇನೆ. ಮಧ್ಯಾಹ್ನ ಮೊಟ್ಟೆ ಅಥವಾ ಗಟ್ಟಿ ಮೊಸರು. ಬೂತಾಯಿ ಮೀನು ತಂದ ದಿನ ಅವರ ಪಾಲನ್ನು ಕುಕ್ಕರಿನಲ್ಲಿ ಜಾಸ್ತಿ ಹೊತ್ತು ಇಡುತ್ತೇನೆ. ಮುಳ್ಳು ಬೆರಳಲ್ಲಿ ಒತ್ತಿದರೆ ಪುಡಿಯಾಗಬೇಕು, ಆಗ ಕ್ಯಾಲ್ಸಿಯಂ ಕೂಡ ಸಿಕ್ಕಿತು. ಅಂಗಳದಲ್ಲಿ ನಾಲ್ಕು ಸುತ್ತು ನಡಿಗೆಯೂ ಇದೆ, ಗೊಣಗಿಕೊಂಡೇ ನಡೆಯುತ್ತಾರೆ. ಕೈ ಊರದೆ ಏಳಲು ಮೂರು ತಿಂಗಳು ಹಿಡಿಯಿತು. ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬೇಡಿ.

ಉಪ್ಪಿನಕಾಯಿ ಈಗ ಬೆರಳ ತುದಿಯಷ್ಟು. ದೊಡ್ಡವರಿಗೆ ದಿನಕ್ಕೆ ಒಟ್ಟು 5 ಗ್ರಾಂ ಉಪ್ಪು, ಅಂದರೆ ಒಂದು ಚಿಕ್ಕ ಚಮಚ ಮಿತಿ. ಹಪ್ಪಳ, ಒಣಮೀನು, ಉಪ್ಪಲ್ಲಿ ಹಾಕಿದ ಹಲಸಿನ ಸೊಳೆ ಎಲ್ಲ ಇರುವ ನಮ್ಮ ಊಟದಲ್ಲಿ ಅದು ಬೆಳಗ್ಗೆಯೇ ಮುಗಿದಿರುತ್ತದೆ!

ಮಗುವಿನದು ಸುಲಭ. ಆರು ತಿಂಗಳವರೆಗೆ ಬರೀ ಎದೆಹಾಲು, ಆಮೇಲೆ ಎದೆಹಾಲಿನ ಜೊತೆಗೇ ಇದೇ ಗಂಜಿ. ಉಪ್ಪು ಹಾಕುವ ಮೊದಲೇ ಒಂದು ಸೌಟು ತೆಗೆದಿಟ್ಟು ಮಸೆಯಿರಿ. ರಾಗಿ ಮಣ್ಣಿ ಬಿಡಬೇಡಿ. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಹತ್ತಿರ ಕ್ಯಾಲ್ಸಿಯಂ ಇದ್ದರೆ ಅಕ್ಕಿಯಲ್ಲಿ ಹತ್ತರ ಆಸುಪಾಸು. ಒಂದು ವರ್ಷದವರೆಗೆ ಜೇನು ಬೇಡ, ಅಜ್ಜಿಯರು ಎಷ್ಟೇ ಹೇಳಲಿ. ನಮ್ಮ ಅಂಗನವಾಡಿಯಲ್ಲಿ ಮಕ್ಕಳಿಗೆಂದು ಸಿಗುವ ಅಮೃತಂ ಪೊಡಿ ಎಂಬ ಪೌಷ್ಟಿಕ ಪುಡಿಯನ್ನು ಕೆಲವರು ದನಕ್ಕೆ ಹಾಕುವುದು ನೋಡಿದ್ದೇನೆ. ಗೋಧಿ, ಕಡಲೆ, ಸೋಯಾ, ನೆಲಗಡಲೆ ಇರುವ ಆ ಪುಡಿಯ ಪಾಕ ಹುಟ್ಟಿದ್ದೇ ನಮ್ಮ ಕಾಸರಗೋಡಿನ ಸಿಪಿಸಿಆರ್‌ಐ ಎಂಬ ತೋಟದ ಬೆಳೆಗಳ ಸಂಶೋಧನಾ ಕೇಂದ್ರದಲ್ಲಿ. ಅದರಲ್ಲಿ ಸಕ್ಕರೆ ಇದೆ, ಮತ್ತೆ ಬೆಲ್ಲ ಸೇರಿಸಬೇಡಿ.

ಹುಡುಗಿಯ ವಿಷಯದಲ್ಲಿ ಕಬ್ಬಿಣದ ಅಂಶ ನೋಡಿ. ತಿಂಗಳು ತಿಂಗಳು ರಕ್ತ ಹೋಗುತ್ತದೆ. ನನ್ನ ಮಗಳು ಶಾಲೆಯಲ್ಲಿ ಕೊಟ್ಟ ಕಬ್ಬಿಣದ ಮಾತ್ರೆಗಳನ್ನು ಪೆನ್ಸಿಲ್ ಬಾಕ್ಸಿನಲ್ಲಿ ಕೂಡಿಟ್ಟಿದ್ದಳು. ಹರಿವೆ ಪಲ್ಯ, ಹುರುಳಿ ಸಾರು ಮಾಡಿ, ಮೇಲೆ ನಿಂಬೆ ಹಿಂಡಿ. ತಿಂಡಿಯ ಜೊತೆ ಚಾ ಕೊಡಬೇಡಿ, ಕಬ್ಬಿಣ ಮೈಗೆ ಹತ್ತುವುದನ್ನು ಅದು ತಡೆಯುತ್ತದೆ. ಒಂದು ಗಂಟೆ ಬಿಟ್ಟು ಕುಡಿಯಲಿ. ರಕ್ತ ತೀರಾ ಕಡಿಮೆಯಿದ್ದರೆ ಸೊಪ್ಪಿನಿಂದ ಮಾತ್ರ ಸರಿಯಾಗುವುದಿಲ್ಲ, ಮಾತ್ರೆ ಬೇಕೇ ಬೇಕು.

ಶುಗರ್ ಇರುವವರೂ ಇದ್ದರೆ ಒಂದು ಮಾತು. ಭತ್ತ ಬೇಯಿಸುವಾಗ ತೌಡಿನ ಬಿ ವಿಟಮಿನ್ ಅಕ್ಕಿಯೊಳಗೆ ಇಳಿಯುವುದರಿಂದ ಕುಚ್ಚಲಕ್ಕಿ ಒಳ್ಳೆಯದೇ. ಆದರೆ ಅದೂ ಅಕ್ಕಿಯೇ, ಜಾಸ್ತಿ ಉಂಡರೆ ಶುಗರ್ ಏರುತ್ತದೆ. ನಮ್ಮವರು ಇದನ್ನು ಒಪ್ಪಲು ಎರಡು ವರ್ಷ ತೆಗೆದುಕೊಂಡರು.

ನಿಮ್ಮದು ಮೀನು, ಮೊಟ್ಟೆ ತಿನ್ನದ ಮನೆಯಾ? ನೀವು ಹೇಳಲಿಲ್ಲ. ಹಾಗಿದ್ದರೆ ಅತ್ತೆಗೆ ಹಾಲು, ಮೊಸರು ತಪ್ಪಿಸಬೇಡಿ. ಮುಂದಿನ ಸಲ ಅವರ ರಕ್ತ ಪರೀಕ್ಷೆಗೆ ಕೊಡುವಾಗ ಬಿ12 ವಿಟಮಿನ್ ಕೂಡ ನೋಡಲು ಹೇಳಿ. ಅದು ಸೊಪ್ಪಿನಲ್ಲೂ ಇಲ್ಲ, ಕಾಳಿನಲ್ಲೂ ಇಲ್ಲ.