ನಾಲ್ಕೇಟು ಹಾಕಿದರೆ ತಪ್ಪೇನು?

ಮೇಷ್ಟ್ರೇ, ನಮಸ್ಕಾರ.

ಕಳೆದ ಸಂಚಿಕೆಯಲ್ಲಿ ಆಫ್ರಿಕಾದ ಮಾನವ ಹಕ್ಕುಗಳ ಸನ್ನದಿನ ಬಗ್ಗೆ ಬಂದ ಲೇಖನ ಓದಿ ಹಾಸನದಿಂದ ಎರಡು ಪುಟ ಬರೆದಿದ್ದೀರಿ. "ಹೊಡೆದು ಬಾಯಿ ಬಿಡಿಸೋದು ತಪ್ಪು, ಒಪ್ಪಿದೆ. ಆದರೆ ಕೋರ್ಟೇ ಶಿಕ್ಷೆ ಹಾಕಿದ ಮೇಲೆ ನಾಲ್ಕೇಟು ಬಿಟ್ಟರೆ ಅದೂ ಚಿತ್ರಹಿಂಸೆಯಾ?" ಅನ್ನುವುದು ನಿಮ್ಮ ಪ್ರಶ್ನೆ. ಸುಡಾನ್ ಸರ್ಕಾರದ ವಾದವೂ ಹೆಚ್ಚುಕಮ್ಮಿ ಇದೇ ಆಗಿತ್ತು.

1999ರ ಜೂನ್. ಸುಡಾನಿನ ರಾಜಧಾನಿ ಖಾರ್ಟೂಮಿನ ಬುರಿ ಎಂಬಲ್ಲಿ ನದಿ ದಂಡೆಗೆ ಕೆಲವು ಕಾಲೇಜು ವಿದ್ಯಾರ್ಥಿಗಳು ಪಿಕ್ನಿಕ್ ಹೋಗಿದ್ದರು. ಅನುಮತಿಯನ್ನೂ ಪಡೆದಿದ್ದರು. ಆದರೂ ಪೊಲೀಸರು ಬಂದು ಹಿಡಿದರು. ಆರೋಪ ಏನು ಗೊತ್ತಾ? ಹುಡುಗಿಯರು ಪ್ಯಾಂಟ್ ಹಾಕಿದ್ದರು, ಹುಡುಗರ ಜತೆ ಕುಣಿದರು, ಕೂತು ಮಾತಾಡಿದರು, ಕಾಲ ಮೇಲೆ ಕಾಲು ಹಾಕಿದ್ದರು! ಎಂಟು ವಿದ್ಯಾರ್ಥಿಗಳಿಗೆ ಶಿಕ್ಷೆಯಾಯಿತು. ದಂಡದ ಜತೆಗೆ 25ರಿಂದ 40 ಏಟು. ಎಲ್ಲರೆದುರು, ಬರಿ ಬೆನ್ನಿನ ಮೇಲೆ, ತಂತಿ ಮತ್ತು ಪ್ಲಾಸ್ಟಿಕ್ಕಿನ ಚಾಟಿಯಿಂದ. ನೋಡಿಕೊಳ್ಳಲು ಒಬ್ಬ ಡಾಕ್ಟರೂ ಇರಲಿಲ್ಲ.

ವಿಷಯ ಆ ಸನ್ನದನ್ನು ದೇಶಗಳು ಪಾಲಿಸುತ್ತಿವೆಯೇ ಎಂದು ನೋಡುವ ಆಫ್ರಿಕಾದ ಮಾನವ ಹಕ್ಕುಗಳ ಆಯೋಗಕ್ಕೆ ಹೋಯಿತು. ಕಾನೂನಿನಲ್ಲಿ ಇರುವುದನ್ನೇ ಮಾಡಿದ್ದೇವೆ, ಜೈಲಿನಲ್ಲಿ ಇಡುವುದಕ್ಕಿಂತ ಹೊಡೆದು ಕಳಿಸುವುದೇ ವಾಸಿ ಅಲ್ವಾ ಅನ್ನುವ ಧಾಟಿಯಲ್ಲಿ ಸರ್ಕಾರ ಸಮರ್ಥಿಸಿಕೊಂಡಿತು. 2003ರಲ್ಲಿ ಆಯೋಗ ಕೊಟ್ಟ ಉತ್ತರ ನೇರವಾಗಿತ್ತು. ತಪ್ಪು ಮಾಡಿದವರ ಮೈಮೇಲೆ ಕೈ ಮಾಡುವ ಹಕ್ಕು ಯಾರಿಗೂ ಇಲ್ಲ, ಸರ್ಕಾರಕ್ಕಂತೂ ಇಲ್ಲವೇ ಇಲ್ಲ. ಅಂಥ ಹಕ್ಕು ಕೊಟ್ಟರೆ ಸರ್ಕಾರಿ ಚಿತ್ರಹಿಂಸೆಗೆ ಒಪ್ಪಿಗೆ ಕೊಟ್ಟಂತೆ. ಕಾನೂನು ತಿದ್ದಿ, ಏಟಿನ ಶಿಕ್ಷೆ ತೆಗೆಯಿರಿ, ಪರಿಹಾರ ಕೊಡಿ ಎಂದೂ ಹೇಳಿತು. (ಬೆತ್ತದ ರುಚಿ ಕಂಡ ಅಂಗೈ ನನ್ನದೂ ಹೌದು ಮೇಷ್ಟ್ರೇ. ನಿಮ್ಮನ್ನು ದೂರುತ್ತಿಲ್ಲ, ಸುಮ್ನೆ ಹೇಳಿದೆ.)

ಹೊಡೆತವೇ ಬೇಕು ಅಂತಲೂ ಇಲ್ಲ. ಕೀನ್ಯಾದ ಒಬ್ಬ ವಿದ್ಯಾರ್ಥಿ ನಾಯಕನನ್ನು ನೈರೋಬಿಯಲ್ಲಿ ಗುಪ್ತಚರ ಇಲಾಖೆಯ ನೆಲಮಾಳಿಗೆಯಲ್ಲಿ ಹತ್ತು ತಿಂಗಳು ಇಟ್ಟಿದ್ದರು. ವಿಚಾರಣೆ ಇಲ್ಲ. ಎರಡು ಮೀಟರ್, ಮೂರು ಮೀಟರ್ ಕೋಣೆ. ಅದರಲ್ಲಿ 250 ವ್ಯಾಟಿನ ಬಲ್ಬು. ಹತ್ತು ತಿಂಗಳೂ ಅದನ್ನು ಆರಿಸಲಿಲ್ಲ. ನಮ್ಮ ಮನೆಗಳಲ್ಲಿ ಮೊದಲು ಉರಿಯುತ್ತಿದ್ದುದು 60 ವ್ಯಾಟಿನದು, ನೆನಪಿದೆಯಾ? ರಾತ್ರಿ ಯಾವುದು, ಹಗಲು ಯಾವುದು ಅಂತಲೂ ಗೊತ್ತಾಗದ ಹಾಗೆ. ಶೌಚಾಲಯಕ್ಕೂ ಬಿಡುತ್ತಿರಲಿಲ್ಲ. ಇದು ಚಿತ್ರಹಿಂಸೆ, ಅವಮಾನ ಕೂಡದು ಎನ್ನುವ ಸನ್ನದಿನ 5ನೇ ವಿಧಿಗೆ ವಿರುದ್ಧ ಎಂದು 2000ದಲ್ಲಿ ಆಯೋಗ ಹೇಳಿತು. ಆದರೆ ಹೊಡೆದರು ಎಂಬ ಆತನ ದೂರನ್ನು ಸಾಕಷ್ಟು ವಿವರ ಇಲ್ಲ ಎಂದು ಒಪ್ಪಲಿಲ್ಲ. ಓದುವಾಗ ನನಗೆ ಚುಚ್ಚಿದ್ದು ಇದು. ನೆಲಮಾಳಿಗೆಯಲ್ಲಿ ಇದ್ದವನು ಸಾಕ್ಷಿ ಎಲ್ಲಿಂದ ತರಬೇಕು?

ಆ ಗಂಟು ಸ್ವಲ್ಪ ಸಡಿಲವಾದದ್ದು 2011ರಲ್ಲಿ, ಈಜಿಪ್ಟಿನ ತಾಬಾ ಎಂಬಲ್ಲಿ ನಡೆದ ಬಾಂಬ್ ಸ್ಫೋಟದ ಆರೋಪಿಗಳ ವಿಷಯದಲ್ಲಿ. ಪೊಲೀಸರ ವಶದಲ್ಲಿದ್ದಾಗ ಮೈಮೇಲೆ ಗಾಯವಾಗಿದ್ದರೆ ಅದು ಹೇಗಾಯಿತು ಎಂದು ಸರ್ಕಾರವೇ ಹೇಳಬೇಕು ಎಂದಿತು ಆಯೋಗ. "ಬಿದ್ದು ಪೆಟ್ಟಾಯ್ತು" ಅಂದುಬಿಟ್ಟರೆ ಮುಗಿಯಿತು ಅನ್ನುವ ಹಾಗಿಲ್ಲ.

ಇನ್ನು "ಸೈನ್ಯದ ಬೂಟಿನ ಕೆಳಗಿರುವ ದೇಶಗಳಲ್ಲಿ ಈ ಕಾಗದಕ್ಕೆ ಯಾರು ಬೆಲೆ ಕೊಡ್ತಾರೆ?" ಅಂದಿದ್ದೀರಿ. ಎಷ್ಟೋ ಸಲ ಯಾರೂ ಕೊಡುವುದಿಲ್ಲ, ನಿಜ. ಲೇಖಕ, ಹೋರಾಟಗಾರ ಕೆನ್ ಸಾರೊ-ವಿವಾ ಅವರನ್ನು ಗಲ್ಲಿಗೇರಿಸಬೇಡಿ ಎಂದು ಆಯೋಗ ಕೇಳಿಕೊಂಡರೂ ನೈಜೀರಿಯಾದ ಮಿಲಿಟರಿ ಸರ್ಕಾರ 1995ರ ನವೆಂಬರ್‌ನಲ್ಲಿ ಗಲ್ಲಿಗೇರಿಸಿತು. ಸುಡಾನಿನಲ್ಲೂ ಎಲ್ಲರೆದುರು ಚಾಟಿಯಲ್ಲಿ ಹೊಡೆಯುವುದನ್ನು ನಿಲ್ಲಿಸುತ್ತೇವೆ ಎಂಬ ಮಾತು ಬಂದದ್ದು 2020ರಲ್ಲಿ. ಅಷ್ಟು ಹೊತ್ತಿಗೆ ಜನ ಬೀದಿಗಿಳಿದು ಅಧ್ಯಕ್ಷ ಬಷೀರ್ ಅಧಿಕಾರ ಹೋಗಿತ್ತು. ಆದರೆ ಚಾಡ್ ದೇಶವನ್ನು 1990ರವರೆಗೆ ಆಳಿದ ಹಿಸ್ಸೆನ್ ಹಬ್ರೆಗೆ 2016ರಲ್ಲಿ ಜೀವಾವಧಿ ಶಿಕ್ಷೆಯಾದದ್ದು ಆಫ್ರಿಕಾದ್ದೇ ನ್ಯಾಯಪೀಠದಲ್ಲಿ, ಸೆನೆಗಲ್‌ನ ಡಕಾರಿನಲ್ಲಿ. ಅವನ ಕಾಲದ ಚಿತ್ರಹಿಂಸೆಯಿಂದ ಬದುಕುಳಿದವರು ಇಪ್ಪತ್ತೈದು ವರ್ಷ ಬಿಡದೆ ಹಿಂದೆ ಬಿದ್ದಿದ್ದರು.

"ಆಫ್ರಿಕಾದಲ್ಲಿ ಇಷ್ಟೇ" ಎಂಬ ನಿಮ್ಮ ಸಾಲಿಗೆ ಮಾತ್ರ ಒಂದು ತಕರಾರು. ಚಿತ್ರಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ 1997ರಲ್ಲೇ ಸಹಿ ಹಾಕಿದ ಭಾರತ ಅದನ್ನು ಅನುಮೋದಿಸದೆ ಹಾಗೇ ಇಟ್ಟುಕೊಂಡಿದೆ.

ಕೊನೆಗೆ, ನೀವು ತೋರಿಸಿದ ತಪ್ಪು ಸರಿ. ಆಯೋಗ ಇರುವುದು ಗಾಂಬಿಯಾದ ಬಾಂಜುಲ್‌ನಲ್ಲಿ. ಟಾಂಜಾನಿಯಾದ ಅರುಷಾದಲ್ಲಿರುವುದು ಆಫ್ರಿಕಾದ ಮಾನವ ಹಕ್ಕುಗಳ ಕೋರ್ಟು. ನಾವು ಎರಡನ್ನೂ ಒಂದೇ ಊರಿಗೆ ಕಳಿಸಿಬಿಟ್ಟಿದ್ದೆವು.

– ಸಂಪಾದಕ