ಹುಡುಗಿಗೆ ಹದಿನೈದು, ಕಥೆಗೆ ನಲವತ್ತು

ನಮಸ್ಕಾರ.

ನಿಮ್ಮ ‘ಉಪ್ಪಿನ ನಾಡು’ ಹಸ್ತಪ್ರತಿಯನ್ನು ಕೊನೆಯವರೆಗೂ ಓದಿದೆ. ಈಗಿರುವ ರೂಪದಲ್ಲಿ ಇದನ್ನು ನಾವು ಪ್ರಕಟಿಸಲಾರೆವು. ಎರಡು ಸಾಲಿನ ವಿಷಾದ ಪತ್ರ ಕಳಿಸಿ ಮುಗಿಸಬಹುದಿತ್ತು. ಆದರೆ ನಿಮಗೆ ಬರೆಯಲು ಬರುತ್ತದೆ, ಅದಕ್ಕೇ ಇಷ್ಟುದ್ದ.

ಜೊತೆಗಿಟ್ಟ ಪತ್ರದಲ್ಲಿ ಹೀಗೆ ಹೇಳಿದ್ದೀರಿ: ನಾಯಕಿಗೆ ಹದಿನೈದು ವರ್ಷ, ಅಶ್ಲೀಲ ಇಲ್ಲ, ಯುದ್ಧದ ರಕ್ತಪಾತ ತಗ್ಗಿಸಿದ್ದೇನೆ, ಭಾಷೆ ಸರಳ, ಆದ್ದರಿಂದ ಇದು ಹದಿಹರೆಯದವರ ಫ್ಯಾಂಟಸಿ. ಈ ನಾಲ್ಕರಲ್ಲಿ ಒಂದೂ ಆ ಮಾತನ್ನು ತೀರ್ಮಾನ ಮಾಡುವುದಿಲ್ಲ.

ವಯಸ್ಸನ್ನೇ ತೆಗೆದುಕೊಳ್ಳಿ. ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ‘ಎ ಗೇಮ್ ಆಫ್ ಥ್ರೋನ್ಸ್’ 1996ರಲ್ಲಿ ಬಂತು. ಪೀಠಿಕೆಯೊಂದನ್ನು ಬಿಟ್ಟರೆ ಕಥೆಯನ್ನೆಲ್ಲ ಎಂಟು ಜನರ ಕಣ್ಣಿನಿಂದ ಕಾಣುತ್ತೇವೆ. ಆ ಎಂಟರಲ್ಲಿ ಐವರು ಮಕ್ಕಳು. ಕಥೆ ಶುರುವಾಗುವಾಗ ಬ್ರಾನ್‌ಗೆ 7, ಆರ್ಯಾಗೆ 9, ಸಾನ್ಸಾಗೆ 11, ಡೆನೆರಿಸ್‌ಗೆ 13, ಜಾನ್‌ಗೆ 14. ಟಿವಿಯಲ್ಲಿ ನೋಡಿದವರು ನಂಬಲಿಕ್ಕಿಲ್ಲ, ಅಲ್ಲಿ ಎಲ್ಲರ ವಯಸ್ಸನ್ನೂ ಏರಿಸಿದ್ದಾರೆ. ಇಷ್ಟು ಮಕ್ಕಳಿದ್ದರೂ ಅದು ದೊಡ್ಡವರ ಪುಸ್ತಕವೇ, ಮತ್ತು ಕಾರಣ ಬರೀ ರಕ್ತ, ಹಾಸಿಗೆಯ ದೃಶ್ಯಗಳಲ್ಲ. ಬ್ರಾನ್‌ನನ್ನು ಗೋಪುರದಿಂದ ತಳ್ಳುವುದು ಅವನು ದೊಡ್ಡವರ ಗುಟ್ಟೊಂದನ್ನು ಕಂಡದ್ದಕ್ಕೆ. ಅಲ್ಲಿಂದ ಮುಂದೆ ಕಥೆಯನ್ನು ಎಳೆಯುವುದು ಮನೆತನಗಳ ಲೆಕ್ಕಾಚಾರ, ಹಳೆಯ ಹಗೆ, ಸಿಂಹಾಸನದ ಸಾಲ. ಮಕ್ಕಳು ಬಹುಪಾಲು ದೊಡ್ಡವರು ಮಾಡಿದ್ದನ್ನು ಉಣ್ಣುತ್ತಾರೆ.

ಈಗ ಇನ್ನೊಂದು ಕಡೆ ನೋಡಿ. ಅಮೆರಿಕದ ಪಾರ್ನಾಸಸ್ ಪ್ರೆಸ್ ಎಂಬ ಸಣ್ಣ ಪ್ರಕಾಶನದವರು ಉರ್ಸುಲಾ ಲೆ ಗ್ವಿನ್ ಅವರನ್ನು ಹದಿಹರೆಯದ ಓದುಗರಿಗೆ ಏನಾದರೂ ಬರೆದುಕೊಡಿ ಎಂದು ಕೇಳಿದರು. ಲೆ ಗ್ವಿನ್ ಅಲ್ಲಿಯವರೆಗೆ ಆ ವಯಸ್ಸಿನವರಿಗೆಂದು ಬರೆದವರಲ್ಲ. ಕಥೆಗಳ ಮಾಂತ್ರಿಕರೆಲ್ಲ ಬಿಳಿ ಗಡ್ಡದವರು, ಸರಿ, ಅವರು ಹುಡುಗರಾಗಿದ್ದಾಗ ಹೇಗಿದ್ದರು, ವಿದ್ಯೆ ಕಲಿತದ್ದು ಹೇಗೆ ಎಂದು ಯೋಚಿಸಿದರು. ‘ಎ ವಿಜರ್ಡ್ ಆಫ್ ಅರ್ತ್‌ಸೀ’ (1968) ಹುಟ್ಟಿದ್ದು ಹಾಗೆ. ಗೆಡ್ ಎಂಬ ಹುಡುಗ ಸಹಪಾಠಿಯ ಮುಂದೆ ಜಂಭ ತೋರಿಸಲು ಸತ್ತವಳೊಬ್ಬಳನ್ನು ಕರೆಯುತ್ತಾನೆ. ತೆರೆದ ಬಿರುಕಿನಿಂದ ನೆರಳೊಂದು ನುಗ್ಗುತ್ತದೆ. ಆ ಬಿರುಕು ಮುಚ್ಚಲು ಹೋದ ಹಿರಿಯ ಮಾಂತ್ರಿಕ ಪ್ರಾಣ ಬಿಡುತ್ತಾನೆ. ಆಮೇಲೆ ಗುರು ಬುದ್ಧಿ ಹೇಳುತ್ತಾನೆ, ಗೆಳೆಯ ದೋಣಿಯಲ್ಲಿ ಜೊತೆಗೆ ಬರುತ್ತಾನೆ, ಆದರೆ ನೆರಳಿನ ಎದುರು ನಿಲ್ಲಬೇಕಾದವನು ಗೆಡ್ ಒಬ್ಬನೇ. ನಿರೂಪಕನಿಗೆ ಮುಂದಿನದೆಲ್ಲ ಗೊತ್ತು, ಈ ಹುಡುಗ ಮುಂದೆ ಎಂಥ ಮಹಾಪುರುಷನಾದ ಎಂದು ಶುರುವಿನಲ್ಲೇ ಹೇಳಿಬಿಡುತ್ತಾನೆ. ಹಾಗೆಂದು ಹುಡುಗನ ತಪ್ಪನ್ನು ಎಲ್ಲೂ ತೇಲಿಸಿ ಹೇಳುವುದಿಲ್ಲ.

ಅದೇ ಲೋಕಕ್ಕೆ ಲೆ ಗ್ವಿನ್ 1990ರಲ್ಲಿ ‘ತೆಹಾನು’ವಿನೊಂದಿಗೆ ಮರಳಿದರು. ಇದೇ ಸರಣಿಯ 1971ರ ಪುಸ್ತಕದಲ್ಲಿ ಎಳೆಯ ಪೂಜಾರಿಣಿಯಾಗಿದ್ದ ತೆನಾರ್ ಈಗ ನಡುವಯಸ್ಸಿನ ವಿಧವೆ. ಬೆಂಕಿಯಲ್ಲಿ ಸುಟ್ಟ ಮಗುವೊಂದನ್ನು ಸಾಕುತ್ತಾಳೆ. ಗೆಡ್ ಮಂತ್ರಶಕ್ತಿಯನ್ನೆಲ್ಲ ಕಳೆದುಕೊಂಡು ಬಂದು ಮೇಕೆ ಕಾಯುತ್ತಾನೆ. ದ್ವೀಪ ಅದೇ, ಡ್ರ್ಯಾಗನ್‌ಗಳೂ ಅವೇ. ಕೇಳುವ ಪ್ರಶ್ನೆ ಬೇರೆ. ಮೊದಲ ಪುಸ್ತಕದಲ್ಲಿ ‘ನನ್ನ ಕೈಯಲ್ಲಿ ಏನಾಗುತ್ತದೆ?’ ಎಂದಿದ್ದದ್ದು ಇಲ್ಲಿ ‘ಆಗಿಹೋದದ್ದರ ಜೊತೆ ಬಾಳುವುದು ಹೇಗೆ?’ ಎಂದಾಗುತ್ತದೆ. ನನ್ನ ಮಟ್ಟಿಗೆ ಎರಡು ಬಗೆಯ ಫ್ಯಾಂಟಸಿಗೂ ಇರುವ ವ್ಯತ್ಯಾಸ ಇದೇ. ಹದಿಹರೆಯದ ಕಥೆಯಲ್ಲಿ ನಿರ್ಧಾರ ಮಾಡುವವರೂ ಅದರ ಬೆಲೆ ತೆರುವವರೂ ಆ ಹುಡುಗ ಹುಡುಗಿಯರೇ, ಅದೂ ಬದುಕಿನಲ್ಲಿ ಮೊದಲ ಸಲ. ದೊಡ್ಡವರ ಕಥೆಯಲ್ಲಿ ಆ ಭಾರ ಹತ್ತು ಹೆಗಲಿಗೆ, ಹಲವು ವರ್ಷಗಳಿಗೆ ಹಂಚಿಹೋಗಿರುತ್ತದೆ.

ನಿಮ್ಮ ಹಸ್ತಪ್ರತಿಗೆ ಬರುತ್ತೇನೆ. ರಾತ್ರಿ ಆಗರದಲ್ಲಿ, ಅಂದರೆ ಉಪ್ಪು ತೆಗೆಯುವ ಬಯಲಲ್ಲಿ, ಆಡಿದ ಮಾತು ಉಪ್ಪಿನ ಹರಳಿನಲ್ಲಿ ಉಳಿಯುತ್ತದೆ, ಹರಳು ಬಾಯಲ್ಲಿ ಕರಗಿದರೆ ಕೇಳಿಸುತ್ತದೆ ಎಂಬ ಕಲ್ಪನೆ ಅಪ್ಪಟ ನಿಮ್ಮದು. ಪಾತಿಗೆ ನೀರು ಬಿಡುವುದು, ಬಿಸಿಲಿಗೆ ಉಪ್ಪು ಕಟ್ಟುವುದು, ಎಳೆದು ರಾಶಿ ಹಾಕುವುದು, ಇವೆಲ್ಲ ಗೋಕರ್ಣದ ಹತ್ತಿರದ ಸಾಣಿಕಟ್ಟೆಯನ್ನು ಕಣ್ಣಾರೆ ಕಂಡವರ ಬರವಣಿಗೆ. ಆದರೆ ಏಳನೇ ಅಧ್ಯಾಯದ ಈ ಭಾಗ ನೋಡಿ. ನಾಯಕಿ ತುಂಗೆ ಕೊಠಾರದಿಂದ ಹರಳು ಕದ್ದಿದ್ದಾಳೆ:

“ತುಂಗೆ ಹರಳನ್ನು ನಾಲಿಗೆಯ ಮೇಲಿಟ್ಟಳು. ಅಮ್ಮನ ದನಿ. ದಂಡನಾಯಕನಿಗೆ ಅಪ್ಪನ ಹೆಸರು ಹೇಳುತ್ತಿತ್ತು. ಸತ್ಯವೆಂಬುದು ಎಷ್ಟು ಕಹಿಯಾದರೂ ಮನುಷ್ಯರನ್ನು ಪಕ್ವಗೊಳಿಸುತ್ತದೆ ಎಂದು ಅರಿಯಲು ಅವಳಿಗಿನ್ನೂ ಬಹಳ ವರ್ಷಗಳು ಬೇಕಿದ್ದವು.”

ಮೊದಲ ಮೂರು ವಾಕ್ಯಗಳಿಗೆ ನಾನು ಎದ್ದು ಕೂತೆ. ನಾಲ್ಕನೆಯದನ್ನು ಹೇಳುತ್ತಿರುವವರು ಯಾರು? ತುಂಗೆಯಲ್ಲ, ನೀವು. ಆ ಹೊತ್ತಿನಲ್ಲಿ ಅವಳಿಗೆ ‘ಬಹಳ ವರ್ಷಗಳು’ ಇಲ್ಲ, ಬಾಯಲ್ಲಿ ಕರಗುತ್ತಿರುವ ಹರಳಿದೆ ಅಷ್ಟೆ. ಉಗಿಯುತ್ತಾಳಾ, ನುಂಗುತ್ತಾಳಾ? ನಿನ್ನೆ ರಾತ್ರಿ ಅದೇ ಅಮ್ಮ ತಲೆಗೆ ಎಣ್ಣೆ ಹಚ್ಚಿದ್ದು ನೆನಪಾಗುತ್ತದಾ? ಅದನ್ನು ಬರೆಯಿರಿ. ಹದಿನೈದರ ಓದುಗಿ ಅದಕ್ಕೇ ಪುಟ ತಿರುಗಿಸುತ್ತಾಳೆ. ಉಪದೇಶದ ವಾಸನೆ ಹಿಡಿಯುವುದರಲ್ಲಿ ಆ ವಯಸ್ಸಿನವರನ್ನು ಮೀರಿಸುವವರಿಲ್ಲ.

ಮರುಪುಟದಲ್ಲೇ ಗುರುಗಳು ಪ್ರತ್ಯಕ್ಷರಾಗಿ “ಮಗೂ, ಇದರಲ್ಲಿ ನಿನ್ನ ತಪ್ಪಿಲ್ಲ” ಅನ್ನುತ್ತಾರೆ. ಕೊನೆಯ ಸಭೆಯಲ್ಲಿ ಕೊಠಾರದ ಬೀಗ ತೆಗೆಸುವವರೂ ಅವರೇ. ತುಂಗೆ ಕಂಬದ ಮರೆಯಲ್ಲಿ ನಿಂತು ನೋಡುತ್ತಾಳೆ! ನಾನೂರು ಪುಟ ಅವಳ ಬೆನ್ನು ಹತ್ತಿ ಬಂದ ಓದುಗರಿಗೆ ಇದು ಮೋಸ. ಗುರುಗಳನ್ನು ಯಾವುದಾದರೂ ತೀರ್ಥಯಾತ್ರೆಗೆ ಕಳಿಸಿಬಿಡಿ.

ಇನ್ನು ಸ್ವಲ್ಪ ಕಠಿಣವಾದ ಮಾತು. ಹನ್ನೊಂದನೇ ಅಧ್ಯಾಯದಲ್ಲಿ ತಾಯಿ ನಾಗವ್ವ ರಾತ್ರಿಯೆಲ್ಲ ಕೊಠಾರದಲ್ಲಿ ಕೂತು, ತಾನು ಗಂಡನ ಹೆಸರು ಹೇಳಿದ ಹರಳನ್ನು ರಾಶಿಯಲ್ಲಿ ಹುಡುಕುತ್ತಾಳಲ್ಲ, ಇಡೀ ಹಸ್ತಪ್ರತಿಯಲ್ಲಿ ಅದಕ್ಕೆ ಸಮನಾದ ಅಧ್ಯಾಯ ಇನ್ನೊಂದಿಲ್ಲ. ಅಲ್ಲಿ ನಿಮ್ಮ ವಾಕ್ಯಗಳು ಬದಲಾಗುತ್ತವೆ, ಸೂಕ್ತಿಗಳು ಮಾಯವಾಗುತ್ತವೆ. ನೀವು ಬರೆಯಲು ಕೂತದ್ದು ನಾಗವ್ವನ ಕಾದಂಬರಿ, ಅದಕ್ಕೆ ತುಂಗೆಯ ಹೆಸರಿಟ್ಟಿದ್ದೀರಿ ಎಂಬ ಗುಮಾನಿ ನನ್ನದು.

ಯಕ್ಷಗಾನದಲ್ಲಿ ಬಭ್ರುವಾಹನ ಕಾಳಗ ನೋಡಿಯೇ ಇರುತ್ತೀರಿ, ಲಕ್ಷ್ಮೀಶನ ಜೈಮಿನಿ ಭಾರತದಲ್ಲೂ ಇದೆ. ಮಗ ಯಜ್ಞದ ಕುದುರೆಯನ್ನು ಮರಳಿಸಿ ಕಾಲಿಗೆ ಬೀಳಲು ಬರುತ್ತಾನೆ. ಅರ್ಜುನ ಅವನನ್ನು ಒದ್ದು, ಹುಟ್ಟನ್ನೇ ಹಳಿಯುತ್ತಾನೆ. ಮಗ ಯುದ್ಧಕ್ಕೆ ನಿಂತು ತಂದೆಯ ತಲೆ ತೆಗೆಯುತ್ತಾನೆ, ಆಮೇಲೆ ಬದುಕಿಸಲು ಪಾತಾಳದ ಮಣಿಗೆ ಹೊರಡುತ್ತಾನೆ. ಹುಡುಗನ ಜೊತೆ ಹೊರಟರೆ ಇದು ಹದಿಹರೆಯದ ಫ್ಯಾಂಟಸಿ, ನಾಗಲೋಕವೂ ಸಿದ್ಧವಾಗಿದೆ. ಅದೇ ಹೊತ್ತಿಗೆ ರಣದಲ್ಲಿ ಬಿದ್ದ ಗಂಡನನ್ನೂ ಕೊಂದ ಮಗನನ್ನೂ ನೋಡುತ್ತ ನಿಂತ ಚಿತ್ರಾಂಗದೆಯ ಪಕ್ಕದಲ್ಲಿ ಉಳಿದರೆ ದೊಡ್ಡವರ ಕಾದಂಬರಿ. ಇಬ್ಬರ ಪಕ್ಕದಲ್ಲೂ ಅರ್ಧರ್ಧ ನಿಂತದ್ದರಿಂದಲೇ ‘ಉಪ್ಪಿನ ನಾಡು’ ನಿಂತಲ್ಲೇ ನಿಂತಿದೆ.

ರಕ್ತಪಾತದ ವಿಷಯ: ಆಗರಕ್ಕೆ ಬೆಂಕಿ ಬೀಳುವ ದಿನವನ್ನು ಮೂರು ಸಾಲಿನಲ್ಲಿ ಮುಗಿಸಿದ್ದೀರಿ. ಸಾವನ್ನು ಮರೆಮಾಚಬೇಕಿಲ್ಲ, ಅದನ್ನು ರಂಜನೆಗೆ ಬಳಸದಿದ್ದರೆ ಸಾಕು. ಭಾಷೆಯನ್ನು ಸಪ್ಪೆ ಮಾಡುವುದೂ ಬೇಡ. ಉತ್ತರ ಕನ್ನಡದ ಮಾತು ನಿಮ್ಮ ಬಾಯಲ್ಲಿ ಸಲೀಸಾಗಿ ಬರುತ್ತದೆ, ಬರಲಿ. ತುಂಗೆಯ ಗೆಳತಿಯ ಬಾಯಿಂದ ಬರುವ “ಸಖತ್” ಮಾತ್ರ ಕಿತ್ತುಹಾಕಿ.

ನಮ್ಮ ಪುಸ್ತಕದಂಗಡಿಗಳಲ್ಲಿ ಒಂದು ಕಡೆ ಮಕ್ಕಳ ಪುಸ್ತಕ, ಇನ್ನೊಂದು ಕಡೆ ಕಾದಂಬರಿ. ನಡುವಿನವರಿಗೆ ಪ್ರತ್ಯೇಕ ಸಾಲು ಇರುವುದು ಕಡಿಮೆ. ಹಾಗಾಗಿ ಆ ಹಣೆಪಟ್ಟಿಯಿಂದ ನಿಮಗೆ ಮಾರಾಟದ ಲಾಭವೇನೂ ಇಲ್ಲ, ಅದಕ್ಕಾಗಿ ಕಥೆಯನ್ನು ಬಗ್ಗಿಸಬೇಡಿ. ತುಂಗೆಯನ್ನು ಆರಿಸಿದರೆ ಮೊದಲ ನಲವತ್ತು ಪುಟದ ರಾಜವಂಶದ ಚರಿತ್ರೆ ಪೂರ್ತಿ ಹೋಗಬೇಕು. ನಾಗವ್ವನನ್ನು ಆರಿಸಿದರೆ ಅದರಲ್ಲಿ ಕಾಲು ಭಾಗ ಉಳಿಯಬಹುದು. ನನ್ನ ಮತ ನಾಗವ್ವನಿಗೆ, ಆದರೆ ಬರೆಯುವವರು ನೀವು.

ಯಾವುದನ್ನು ಆರಿಸಿದರೂ ಮೊದಲು ಮೂರು ಅಧ್ಯಾಯ ಮಾತ್ರ ಕಳಿಸಿ. ಮತ್ತೆ, ದಯವಿಟ್ಟು ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಈ ಸಲ ‘ನುಡಿ’ ತಂತ್ರಾಂಶದ ಅಕ್ಷರಗಳಿಂದ ಪರಿವರ್ತಿಸುವಾಗ ಅರ್ಕಾವೊತ್ತುಗಳೆಲ್ಲ ದಿಕ್ಕಾಪಾಲಾಗಿ, ದಂಡನಾಯಕನ ಹೆಸರು ಏನೆಂದು ನನಗೆ ಕೊನೆಯವರೆಗೂ ತಿಳಿಯಲಿಲ್ಲ.

ವಿಶ್ವಾಸದಿಂದ,
ಸಂಪಾದಕ